ಕಿತ್ತೂರು ರಾಣಿ ಚೆನ್ನಮ್ಮ ಮತ್ತು ಒಂದು ದತ್ತಕಪತ್ರ

ಕಿತ್ತೂರು ರಾಣಿ ಚೆನ್ನಮ್ಮನವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಕುದುರೆಯೇರಿ ಖಡ್ಗ ಹಿರಿದ ಅವರ ಪ್ರತಿಮೆಯನ್ನು ನಾವು ಬೆಳಗಾವಿ, ಹುಬ್ಬಳ್ಳಿಗಳ ವೃತ್ತಗಳಲ್ಲಿ ಕಂಡಿದ್ದೇವೆ. ದೆಹಲಿಯ ಸಂಸತ್ ಭವನದ ಆವರಣದಲ್ಲಿಯೂ 2007ರ ಸೆಪ್ಟೆಂಬರ್ 11ರಂದು ಅವರ ಪ್ರತಿಮೆ ಅನಾವರಣಗೊಂಡಿತು. ಊರಿಗೆ ಹೋಗಿಬರುವ ನಮ್ಮಲ್ಲಿ ಅನೇಕರಿಗೆ ಅವರ ಹೆಸರಿನ ರೈಲುಗಾಡಿಯೂ ಪರಿಚಿತವೇ. ಆದರೆ ಆ ಖಡ್ಗ ಒರೆಯಿಂದ ಹೊರಬಂದದ್ದು ಏಕೆ ಎಂಬುದನ್ನು ನಾವು ಅಷ್ಟಾಗಿ ಆಲೋಚಿಸಿರುವುದಿಲ್ಲ. ಕಿತ್ತೂರಿನ ಕಾಳಗದ ಮೂಲದಲ್ಲಿ ಇದ್ದದ್ದು ಒಂದು ಕಾಗದ. ಆ ಕಾಗದದ ಮೇಲಿನ ಒಂದು ರುಜು. ಆ ರುಜು ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬ ಪ್ರಶ್ನೆ. ಆಸ್ತಿ, ವಾರಸಾ, ಮೃತ್ಯುಪತ್ರಗಳ ವಿಷಯವಾಗಿ ಪ್ರತಿಯೊಂದು ಕುಟುಂಬವೂ ಒಂದಿಲ್ಲೊಂದು ದಿನ ಎದುರಿಸಬೇಕಾದ ಪ್ರಶ್ನೆಯೇ ಅದು. ಆ ದೃಷ್ಟಿಯಿಂದ ಈ ವೀರಮಾತೆಯ ಜೀವನವನ್ನು ಇಲ್ಲಿ ಸ್ಮರಿಸಿಕೊಳ್ಳುತ್ತಿದ್ದೇವೆ.

ಚೆನ್ನಮ್ಮನವರು ಜನಿಸಿದ್ದು 1778ರಲ್ಲಿ, ಬೆಳಗಾವಿಗೆ ಸಮೀಪದ ಕಾಕತಿ ಗ್ರಾಮದಲ್ಲಿ. ತಂದೆ ಧೂಳಪ್ಪಗೌಡ ದೇಸಾಯಿ, ತಾಯಿ ಪದ್ಮಾವತಿ. ದೇಸಗತಿಯ ಮನೆತನದಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿಯೇ ಕುದುರೆ ಸವಾರಿಯನ್ನೂ ಕತ್ತಿವರಸೆಯನ್ನೂ ಬಿಲ್ಲುವಿದ್ಯೆಯನ್ನೂ ಕಲಿತರು. ಮುಂದೆ ಕಿತ್ತೂರಿನ ದೊರೆ ಮಲ್ಲಸರ್ಜ ದೇಸಾಯಿಯವರ ಕೈಹಿಡಿದು, ಹಿರಿಯ ರಾಣಿ ರುದ್ರಮ್ಮನವರ ಜೊತೆಗೆ ಕಿರಿಯ ರಾಣಿಯಾಗಿ ಅರಮನೆಯನ್ನು ಸೇರಿದರು. ಹುಲಿಯ ಬೇಟೆಯ ಸಂದರ್ಭದಲ್ಲಿ ಇವರಿಬ್ಬರ ಭೇಟಿಯಾಯಿತೆಂದು ಜನಪದರು ಇಂದಿಗೂ ಹೇಳುತ್ತಾರೆ.

ಕಿತ್ತೂರು ಚಿಕ್ಕ ಸಂಸ್ಥಾನವಾದರೂ ಹಳೆಯದು. ವಿಜಾಪುರದ ಆದಿಲಶಾಹಿಯ ಸೇನೆಯಲ್ಲಿದ್ದ ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಸಹೋದರರು 1585ರಲ್ಲಿ ಈ ಮನೆತನಕ್ಕೆ ಅಡಿಪಾಯ ಹಾಕಿದರು. ಮೊದಲು ಸಂಪಗಾವಿಯಲ್ಲಿದ್ದ ಆಡಳಿತದ ನೆಲೆ ಹದಿನೇಳನೆಯ ಶತಮಾನದಲ್ಲಿ ಕಿತ್ತೂರಿಗೆ ಬಂದಿತು. ಮಲ್ಲಸರ್ಜರ ಕಾಲದಲ್ಲಿ ಸಂಸ್ಥಾನವು ಏಳಿಗೆಯನ್ನು ಕಂಡಿತು. ಆದರೆ ದೊರೆಯ ಬಾಳು ನೆಮ್ಮದಿಯದಾಗಿರಲಿಲ್ಲ. ಒಮ್ಮೆ ಟಿಪ್ಪು ಸುಲ್ತಾನನ ಸೆರೆಯಲ್ಲಿದ್ದು ಪಾರಾಗಿ ಬಂದವರು, ಕೊನೆಗಾಲದಲ್ಲಿ ಪೇಶ್ವೆ ಎರಡನೆಯ ಬಾಜೀರಾಯನ ವಶದಲ್ಲಿ ಪುಣೆಯಲ್ಲಿ ಕಾಲ ಕಳೆಯಬೇಕಾಯಿತು. ಅಲ್ಲಿ ಆರೋಗ್ಯ ಕೆಟ್ಟು, 1816ರಲ್ಲಿ ತೀರಿಕೊಂಡರು.

ಚೆನ್ನಮ್ಮನವರ ಸ್ವಂತ ಮಗ ಬಾಳಿ ಉಳಿಯಲಿಲ್ಲ. ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜರು ಪಟ್ಟಕ್ಕೆ ಬಂದರು. ಸವತಿಯ ಮಗನನ್ನು ತಮ್ಮ ಮಗನೆಂದೇ ಭಾವಿಸಿ ಚೆನ್ನಮ್ಮನವರು ಸಂಸ್ಥಾನದ ಹಿತವನ್ನು ನೋಡಿಕೊಂಡರು. ಈ ಒಂದು ಸಂಗತಿಯನ್ನು ಗಮನದಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಮುಂದೆ ಅವರು ಯಾವ ವಾರಸಾ ಹಕ್ಕಿಗಾಗಿ ಹೋರಾಡಿದರೋ ಅದು ತಮ್ಮ ಹೊಟ್ಟೆಯ ಮಗನದಾಗಿರಲಿಲ್ಲ, ಮೊಮ್ಮಗನದೂ ಆಗಿರಲಿಲ್ಲ. ಸವತಿಯ ಮಗನು ದತ್ತು ಪಡೆದ ಒಬ್ಬ ಬಾಲಕನದಾಗಿತ್ತು.

ಅದೇ ವರ್ಷಗಳಲ್ಲಿ ಪಶ್ಚಿಮ ಭಾರತದ ಚಿತ್ರವೇ ಬದಲಾಗುತ್ತಿತ್ತು. ನಾವು ನೆಲೆಸಿರುವ ಬೇಲಾಪುರದ ಕೋಟೆಯು 1817ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮರುವರ್ಷ, 1818ರಲ್ಲಿ, ಪೇಶ್ವೆಯ ಆಡಳಿತವೇ ಮುಗಿಯಿತು. ಬೆಳಗಾವಿ, ಧಾರವಾಡ ಪ್ರಾಂತಗಳಲ್ಲಿ ಕಂಪನಿಯ ಪರವಾಗಿ ಬಂದ ಥಾಮಸ್ ಮನ್ರೋ ಬೆಳಗಾವಿಯ ಕೋಟೆಗೆ ಮುತ್ತಿಗೆ ಹಾಕಿದಾಗ ಕಿತ್ತೂರಿನವರು ಅವನಿಗೆ ನೆರವಾದರು. ಅದರ ಫಲವಾಗಿ, ವರ್ಷಕ್ಕೆ 1,75,000 ರೂಪಾಯಿ ಕಪ್ಪ ಸಲ್ಲಿಸುವ ಕರಾರಿನ ಮೇಲೆ, ಸಂಸ್ಥಾನವು ದೇಸಾಯಿಯವರ ಮನೆತನದಲ್ಲಿ ಮುಂದುವರಿಯಲು ಕಂಪನಿ ಒಪ್ಪಿತು. ಮಿತ್ರನಾಗಿ ಬಂದವನು ಆರು ವರ್ಷಗಳಲ್ಲಿ ಒಡೆಯನಾಗಿ ನಿಲ್ಲುವನೆಂದು ಆಗ ಕಿತ್ತೂರಿನಲ್ಲಿ ಯಾರೂ ಎಣಿಸಿರಲಾರರು.

ಶಿವಲಿಂಗರುದ್ರಸರ್ಜರಿಗೆ ಮಕ್ಕಳಾಗಲಿಲ್ಲ. 1824ರಲ್ಲಿ ಅವರು ತೀವ್ರವಾದ ಅನಾರೋಗ್ಯಕ್ಕೆ ತುತ್ತಾದರು. ಅಂಥ ಸಮಯದಲ್ಲಿ ನಮ್ಮ ಮನೆತನಗಳು ಏನು ಮಾಡುತ್ತಿದ್ದವು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇಂದು ನಾವು ಮೃತ್ಯುಪತ್ರ ಅಥವಾ ಉಯಿಲು ಎಂದು ಕರೆಯುವ ಪತ್ರವು ನಮ್ಮ ಪ್ರಾಚೀನ ಧರ್ಮಶಾಸ್ತ್ರದ ಕಲ್ಪನೆಯಲ್ಲ. ಮಿತಾಕ್ಷರದ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿ ಒಬ್ಬನದಲ್ಲ. ಮಗನಿಗೆ ಅದರಲ್ಲಿ ಹುಟ್ಟಿನಿಂದಲೇ ಹಕ್ಕು. ಹಾಗಿರುವಾಗ ಸಾಯುವವನು ಇದು ಇಂಥವನಿಗೆ ಎಂದು ಬರೆದಿಡುವ ಪ್ರಮೇಯವೇ ಇರಲಿಲ್ಲ. ಗಂಡು ಸಂತಾನವಿಲ್ಲದವನಿಗೆ ಇದ್ದ ದಾರಿ ದತ್ತಕ. ಬಂಧುಗಳೂ ಊರ ಹಿರಿಯರೂ ನೋಡುತ್ತಿರುವಂತೆ ಹೆತ್ತವರು ಮಗುವನ್ನು ಕೊಡುವುದು, ಪಡೆಯುವವರು ಮಡಿಲಿಗೆ ತೆಗೆದುಕೊಳ್ಳುವುದು: ಇಷ್ಟೇ ಅದರ ತಿರುಳು. ಕಾಗದವೆಂಬುದು ಆ ಕಾರ್ಯದ ವರದಿ ಮಾತ್ರವಾಗಿತ್ತು. ಮಗನಾಗುವುದು ಕಾಗದದಿಂದಲ್ಲ, ಕೊಡುವ ಮತ್ತು ತೆಗೆದುಕೊಳ್ಳುವ ಕ್ರಿಯೆಯಿಂದ.

ಶಿವಲಿಂಗರುದ್ರಸರ್ಜರು ಮಾಸ್ತಮರಡಿಯ ಬಾಳಪ್ಪಗೌಡರ ಮಗನಾದ ಶಿವಲಿಂಗಪ್ಪನನ್ನು ದತ್ತು ಪಡೆದರು. ಆ ವಿಷಯವನ್ನು ತಿಳಿಸುವ ಪತ್ರವು ಧಾರವಾಡದಲ್ಲಿ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದ ಸೇಂಟ್ ಜಾನ್ ಥ್ಯಾಕರೆಗೆ ಹೋಯಿತು. ಪತ್ರವು ಅವನ ಕೈಸೇರಿದ್ದು ಸೆಪ್ಟೆಂಬರ್ ತಿಂಗಳಿನಲ್ಲಿ, ದೇಸಾಯಿಯವರು ಕೊನೆಯುಸಿರೆಳೆದ ವೇಳೆಗೆ. ಥ್ಯಾಕರೆ ಸಂಶಯಗೊಂಡು ಸರಕಾರಿ ವೈದ್ಯನನ್ನು ಕಿತ್ತೂರಿಗೆ ಕಳುಹಿಸಿದನು. ವೈದ್ಯನು ಬಂದಾಗ ದೇಸಾಯಿಯವರು ಆಗಲೇ ತೀರಿಕೊಂಡಿದ್ದರು. ಪತ್ರದ ಮೇಲಿನ ರುಜು ದೇಸಾಯಿಯವರದಲ್ಲ, ದತ್ತಕವು ಅವರ ಸಾವಿನ ನಂತರ ಹೂಡಿದ ಆಟ ಎಂಬುದು ಥ್ಯಾಕರೆಯ ನಿಲುವಾಯಿತು. ದತ್ತಕಕ್ಕೆ ಕಂಪನಿಯ ಮುಂಗಡ ಅನುಮತಿ ಇಲ್ಲವೆಂಬುದು ಅವನ ಇನ್ನೊಂದು ಆಕ್ಷೇಪ. ಅವನು ದತ್ತಕವನ್ನು ಮಾನ್ಯ ಮಾಡಲಿಲ್ಲ.

ಈ ಸಂಶಯವನ್ನು ನಾವು ನಿಷ್ಪಕ್ಷಪಾತವಾಗಿ ನೋಡೋಣ. ಸಾಯುವ ಹಾಸಿಗೆಯ ಮೇಲಿದ್ದವನ ಕೈ ನಡುಗುತ್ತದೆ. ಅವನ ಅಕ್ಷರ ಎಂದಿನಂತೆ ಇರುವುದಿಲ್ಲ. ಅಂಥ ರುಜುವನ್ನು ಕಂಡವರಿಗೆ ಅನುಮಾನ ಬರುವುದು ಅಸಹಜವಲ್ಲ. ಆದರೆ ಅನುಮಾನಕ್ಕೆ ಪರಿಹಾರವೂ ಇತ್ತು. ದತ್ತಕಕ್ಕೆ ಸಾಕ್ಷಿಗಳಾದ ಮನೆಯವರಿದ್ದರು, ಮಗುವನ್ನು ಕೊಟ್ಟ ತಂದೆಯಿದ್ದನು, ದಿವಾಣದ ಹಿರಿಯರಿದ್ದರು. ಅದಕ್ಕಿಂತ ಮಿಗಿಲಾಗಿ, ದೇಸಾಯಿಯವರ ಪತ್ನಿ ವೀರವ್ವ ಬದುಕಿದ್ದರು. ಗಂಡನ ಅಪ್ಪಣೆಯ ಪತ್ರವಿಲ್ಲದಿದ್ದರೂ ವಿಧವೆಯು ದತ್ತು ಪಡೆಯಬಹುದೆಂಬುದು ಮಹಾರಾಷ್ಟ್ರ ಮತ್ತು ಅದಕ್ಕೆ ಹೊಂದಿದ ಪ್ರಾಂತಗಳಲ್ಲಿ ರೂಢಿಯಲ್ಲಿದ್ದ ಮತ. ಮುಂದೆ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೊಂಬಾಯಿ ಹೈಕೋರ್ಟು ಕೂಡ ಅದನ್ನು ಎತ್ತಿಹಿಡಿಯಿತು. ರುಜು ಸುಳ್ಳೆಂದೇ ಇಟ್ಟುಕೊಂಡರೂ ಕಿತ್ತೂರಿನ ಮನೆತನಕ್ಕೆ ವಾರಸುದಾರನನ್ನು ಪಡೆಯುವ ಬಾಗಿಲು ಮುಚ್ಚಿರಲಿಲ್ಲವೆಂದಾಯಿತು. ಆ ಬಾಗಿಲನ್ನು ಮುಚ್ಚಿದ್ದು ಕಂಪನಿ. ವಾರಸುದಾರನಿಲ್ಲವೆಂದು ತೀರ್ಮಾನಿಸಿದರೆ ಸಂಸ್ಥಾನವು ಯಾರಿಗೆ ಸೇರುವುದೋ, ಅವರೇ ವಾರಸುದಾರನಿದ್ದಾನೆಯೇ ಇಲ್ಲವೇ ಎಂದು ತೀರ್ಮಾನಿಸಲು ಕುಳಿತಿದ್ದರು. ಕಿತ್ತೂರಿನ ಪ್ರಕರಣದ ನಿಜವಾದ ಅನ್ಯಾಯ ಇಲ್ಲಿದೆ.

ಇಂಗ್ಲಿಷರು ತಮ್ಮ ಜನರ ವಿಷಯದಲ್ಲಿ ಹೀಗೆ ನಡೆದುಕೊಳ್ಳುತ್ತಿರಲಿಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ರೈತನೊಬ್ಬನು ಹಾಸಿಗೆ ಹಿಡಿದಾಗ, ಅಕ್ಷರ ಬಲ್ಲ ನೆರೆಯವನೊಬ್ಬನು ಅವನ ಮೃತ್ಯುಪತ್ರವನ್ನು ಕೈಬರಹದಲ್ಲಿ ಬರೆಯುತ್ತಿದ್ದನು. ಬರೆಯಲು ಬಾರದವನು ಗುರುತು ಹಾಕಿದರೂ ಸಾಕಾಗಿತ್ತು. ಸಾಕ್ಷಿಗಳು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ಮೇಲೆ ಗುಮಾಸ್ತನು ಅದನ್ನು ಪುಸ್ತಕಕ್ಕೆ ನಕಲು ಮಾಡುತ್ತಿದ್ದನು. ಹಾಸಿಗೆ, ಕಬ್ಬಿಣದ ಪಾತ್ರೆ, ದನಕರುಗಳವರೆಗೆ ಎಲ್ಲವನ್ನೂ ಪಟ್ಟಿ ಮಾಡಲಾಗುತ್ತಿತ್ತು. ಮೃತ್ಯುಪತ್ರವಿಲ್ಲದೆ ಸತ್ತರೆ ವರ್ಜೀನಿಯಾದಲ್ಲಿ ಭೂಮಿ ಹಿರಿಯ ಮಗನಿಗೆ ಹೋಗುತ್ತಿತ್ತು. ಮ್ಯಾಸಚೂಸೆಟ್ಸ್‌ನಲ್ಲಿ ಹಿರಿಯ ಮಗನಿಗೆ ಎರಡು ಪಾಲು, ಉಳಿದ ಮಕ್ಕಳಿಗೆ ಒಂದೊಂದು ಪಾಲು ಸಲ್ಲುತ್ತಿತ್ತು. ಆ ವ್ಯವಸ್ಥೆ ದೋಷರಹಿತವಾಗಿರಲಿಲ್ಲ. ದನಕರುಗಳ ಸಾಲಿನಲ್ಲಿಯೇ ಗುಲಾಮರಾದ ಮನುಷ್ಯರನ್ನೂ ಬೆಲೆ ಕಟ್ಟಿ ಬರೆದಿರುವ ಪಟ್ಟಿಗಳು ಇಂದಿಗೂ ಉಳಿದಿವೆ. ಆದರೆ ಒಬ್ಬ ಸಾಮಾನ್ಯ ಬಿಳಿಯ ರೈತನ ಕೊನೆಯ ಇಚ್ಛೆಗೆ ಅಲ್ಲಿ ದೊರೆತ ಸಾಕ್ಷಿವಿಚಾರಣೆ, 239 ವರ್ಷಗಳ ಇತಿಹಾಸವಿದ್ದ ಕಿತ್ತೂರಿನ ಮನೆತನಕ್ಕೆ ದೊರೆಯಲಿಲ್ಲವೆಂಬುದು ವಿಚಾರ ಮಾಡತಕ್ಕ ಮಾತು.

ಥ್ಯಾಕರೆ ಕಿತ್ತೂರಿಗೆ ಬಂದು ಖಜಾನೆಗೆ ಮುದ್ರೆ ಹಾಕಿಸಿ ಕಾವಲಿಟ್ಟನು. ಅದರಲ್ಲಿ ಸುಮಾರು 15 ಲಕ್ಷ ರೂಪಾಯಿಗಳ ಸಂಪತ್ತಿತ್ತೆಂದು ಹೇಳಲಾಗಿದೆ. ದಿವಾಣದವರೇ ಆದ ಮಲ್ಲಪ್ಪಶೆಟ್ಟಿ ಮತ್ತು ವೆಂಕಟರಾಯರನ್ನು ತನ್ನ ಪರವಾಗಿ ನೇಮಿಸಿದನು. ವೀರವ್ವ ಇನ್ನೂ ಎಳೆಯ ವಯಸ್ಸಿನವರು. ದತ್ತುಪುತ್ರನು ಬಾಲಕ. ಮನೆಯ ಹಿರಿಯಳಾಗಿ ನಿಲ್ಲಬೇಕಾದ ಹೊಣೆ ನಲವತ್ತಾರು ವಯಸ್ಸಿನ ಚೆನ್ನಮ್ಮನವರ ಮೇಲೆ ಬಿದ್ದಿತು.

ಅವರು ಮೊದಲು ಹಿಡಿದದ್ದು ಕತ್ತಿಯನ್ನಲ್ಲ, ಲೇಖನಿಯ ದಾರಿಯನ್ನು. ದತ್ತಕವನ್ನು ಮಾನ್ಯ ಮಾಡಬೇಕೆಂದು ಪುಣೆಯಲ್ಲಿದ್ದ ಕಮಿಷನರ್ ಚಾಪ್ಲಿನ್‌ಗೂ, ಮುಂಬಯಿಯ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್‌ಗೂ ಮೊರೆಯಿಟ್ಟರು. ನಮ್ಮ ಮಹಾನಗರದ ಹೆಸರಾಂತ ಎಲ್ಫಿನ್‌ಸ್ಟನ್ ಕಾಲೇಜು ಈ ಗವರ್ನರನ ಹೆಸರನ್ನೇ ಹೊತ್ತಿದೆ. ವಿದ್ಯಾಪ್ರಸಾರಕ್ಕೆ ದುಡಿದವನೆಂದು ಮುಂಬಯಿ ಅವನನ್ನು ನೆನೆಯುತ್ತದೆ, ಅದು ಸರಿಯೇ. ಆದರೆ ಕಿತ್ತೂರಿನ ರಾಣಿಯ ಮೊರೆಗೆ ಅಲ್ಲಿ ಪುರಸ್ಕಾರ ಸಿಗಲಿಲ್ಲವೆಂಬುದನ್ನೂ ಮುಂಬಯಿಯ ಕನ್ನಡಿಗರಾದ ನಾವು ಮರೆಯುವಂತಿಲ್ಲ.

1824ರ ಅಕ್ಟೋಬರ್ 23ರಂದು ಥ್ಯಾಕರೆ ಸೈನ್ಯದೊಡನೆ ಕಿತ್ತೂರಿನ ಕೋಟೆಯ ಮುಂದೆ ನಿಂತನು. ಬಾಗಿಲು ತೆರೆಯದಿದ್ದರೆ ತೋಪಿನಿಂದ ಒಡೆಯುವುದಾಗಿ ಬೆದರಿಸಿದನು. ಬಾಗಿಲು ತೆರೆಯಿತು; ಆದರೆ ಶರಣಾಗತಿಗಾಗಿ ಅಲ್ಲ. ಸರದಾರ ಗುರುಸಿದ್ದಪ್ಪನವರ ನೇತೃತ್ವದಲ್ಲಿ ಕಿತ್ತೂರಿನ ಸೈನಿಕರು ಹೊರನುಗ್ಗಿದರು. ಆ ಕಾಳಗದಲ್ಲಿ ಥ್ಯಾಕರೆ ಹತನಾದನು. ಅಮಟೂರಿನ ಬಾಳಪ್ಪ ಅವನನ್ನು ಹೊಡೆದುರುಳಿಸಿದನೆಂಬುದು ಜನಪದರ ನೆನಪು. ಮುಂದೆ ಇಂಗ್ಲಿಷ್ ಕಾದಂಬರಿಕಾರನಾಗಿ ಖ್ಯಾತನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತನು ಚಿಕ್ಕಪ್ಪನಾಗಬೇಕು.

ಅಂದು ಥ್ಯಾಕರೆಯ ಇಬ್ಬರು ಸಹಾಯಕರು, ವಾಲ್ಟರ್ ಎಲಿಯಟ್ ಮತ್ತು ಸ್ಟೀವನ್‌ಸನ್, ಸೆರೆಸಿಕ್ಕರು. ಅವರನ್ನು ಕೊಲ್ಲದೆ ಕೋಟೆಯಲ್ಲಿ ಸುರಕ್ಷಿತವಾಗಿ ಇರಿಸಿಕೊಂಡು, ಸಂಧಾನದ ಆಸೆಯಿಂದ ಡಿಸೆಂಬರ್ ತಿಂಗಳ ಆರಂಭದಲ್ಲಿ ಬಿಡುಗಡೆ ಮಾಡಲಾಯಿತು. ಈ ವಾಲ್ಟರ್ ಎಲಿಯಟ್ ಮುಂದೆ ಕನ್ನಡ ನಾಡಿನ ಊರೂರು ಸುತ್ತಿ ಸುಮಾರು 600 ಶಾಸನಗಳ ಪ್ರತಿಗಳನ್ನು ಮಾಡಿಸಿದನು. ಕನ್ನಡ ಶಾಸನಗಳ ಅಧ್ಯಯನಕ್ಕೆ ಅವು ಬುನಾದಿಯಾದವು. ಆ ಶಾಸನಗಳಲ್ಲಿ ಬಹುಪಾಲು ಯಾವುವು? ಭೂಮಿಯನ್ನು ಯಾರು ಯಾರಿಗೆ ಕೊಟ್ಟರು, ಯಾವ ಸಾಕ್ಷಿಗಳ ಮುಂದೆ ಕೊಟ್ಟರು ಎಂಬ ದಾನಪತ್ರಗಳೇ. ಒಂದು ಕಾಗದವನ್ನು ನಂಬದೆ ಹೊರಟ ಸೈನ್ಯದ ಜೊತೆಯಲ್ಲಿ ಬಂದು ಸೆರೆಯಾದ ತರುಣನು, ಆ ನಾಡಿನ ಕಲ್ಲಿನ ಪತ್ರಗಳನ್ನು ಓದಿಸಿ ಕಾಪಾಡಿದನು. ಅವನು ಜೀವಂತವಾಗಿ ಹೊರಬಂದುದರಿಂದ ಕನ್ನಡಕ್ಕೆ ಆದ ಲಾಭ ಸಣ್ಣದಲ್ಲ.

ಸಂಧಾನ ಫಲಿಸಲಿಲ್ಲ. ಕಂಪನಿಯು ಬೇರೆ ಬೇರೆ ಕಡೆಗಳಿಂದ ದೊಡ್ಡ ಸೈನ್ಯವನ್ನು ಕೂಡಿಸಿ ತಂದು ಡಿಸೆಂಬರ್ 3ರಿಂದ ಕೋಟೆಯನ್ನು ಮುತ್ತಿತು. ಥಾಮಸ್ ಮನ್ರೋನ ಬಂಧುವಾದ ಸೊಲ್ಲಾಪುರದ ಸಬ್‌ಕಲೆಕ್ಟರ್ ಈ ಯುದ್ಧದಲ್ಲಿ ಮಡಿದನು. ಆದರೂ ತೋಪುಗಳ ಮುಂದೆ ಕೋಟೆಯ ಗೋಡೆಗಳು ತಾಳಲಿಲ್ಲ; ಡಿಸೆಂಬರ್ 5ರಂದು ಕಿತ್ತೂರು ಬಿದ್ದಿತು. ಒಳಗಿನವರೇ ಮದ್ದಿನಲ್ಲಿ ಬೆರಕೆ ಮಾಡಿ ದ್ರೋಹವೆಸಗಿದರೆಂಬ ನೋವಿನ ಕಥೆ ಇಂದಿಗೂ ಆ ಸೀಮೆಯಲ್ಲಿ ಜೀವಂತವಾಗಿದೆ. ಚೆನ್ನಮ್ಮನವರನ್ನೂ ವೀರವ್ವನವರನ್ನೂ ಬೈಲಹೊಂಗಲದಲ್ಲಿ ಸೆರೆಯಲ್ಲಿಟ್ಟರು. ನಾಲ್ಕು ವರ್ಷಗಳಿಗೂ ಮೀರಿದ ಸೆರೆವಾಸದ ನಂತರ, 1829ರ ಫೆಬ್ರವರಿಯಲ್ಲಿ, ರಾಣಿಯವರು ಅಲ್ಲಿಯೇ ದೇಹವನ್ನು ಬಿಟ್ಟರು. ಅವರ ಸಮಾಧಿ ಬೈಲಹೊಂಗಲದಲ್ಲಿದೆ.

ಆದರೆ ದತ್ತಕದ ಪ್ರಶ್ನೆ ಅವರೊಂದಿಗೆ ಮುಗಿಯಲಿಲ್ಲ. ಅವರ ನಂಬುಗೆಯ ಬಂಟ ಸಂಗೊಳ್ಳಿ ರಾಯಣ್ಣ, ಅದೇ ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂರಿಸುವ ಗುರಿಯಿಂದ ದಂಡು ಕಟ್ಟಿ ಕಾಡುಮೇಡುಗಳಲ್ಲಿ ಹೋರಾಡಿದನು. 1830ರಲ್ಲಿ ಮೋಸದಿಂದ ಸೆರೆಸಿಕ್ಕನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಒಂದು ರುಜುವಿನ ಮೇಲಿನ ಸಂಶಯವು ಏಳು ವರ್ಷಗಳಲ್ಲಿ ತೆಗೆದುಕೊಂಡ ಬಲಿಗಳಿಗೆ ಲೆಕ್ಕವಿಲ್ಲ.

ಕಿತ್ತೂರಿನಲ್ಲಿ ಕಂಪನಿ ಕಲಿತ ಪಾಠ ಮುಂದೆ ಅದರ ನೀತಿಯೇ ಆಯಿತು. 1848ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಡಾಲ್‌ಹೌಸಿ, ದತ್ತುಪುತ್ರರ ಹಕ್ಕನ್ನು ತಳ್ಳಿಹಾಕಿ ಅದೇ ವರ್ಷ ಸಾತಾರಾವನ್ನು ಸೇರಿಸಿಕೊಂಡನು. 1853ರ ನವೆಂಬರಿನಲ್ಲಿ ಝಾನ್ಸಿಯ ಅರಸನು ಸಾಯುವ ಹಿಂದಿನ ದಿನ ಇಂಗ್ಲಿಷ್ ಅಧಿಕಾರಿಗಳ ಸಮ್ಮುಖದಲ್ಲಿಯೇ ದತ್ತು ಪಡೆದು ಪತ್ರವನ್ನು ಅವರ ಕೈಗೆ ಕೊಟ್ಟರೂ ಅದು ನಡೆಯಲಿಲ್ಲ. ಕಿತ್ತೂರಿನಲ್ಲಿ ರುಜು ಸಂಶಯಾಸ್ಪದವೆಂದರು. ಝಾನ್ಸಿಯಲ್ಲಿ ಸಂಶಯಕ್ಕೆ ಎಡೆಯಿಲ್ಲದಿದ್ದರೂ ಫಲ ಒಂದೇ ಆಯಿತು. ಕಿತ್ತೂರಿಗೆ ದೂರವಲ್ಲದ ನರಗುಂದದ ಬಾಬಾಸಾಹೇಬರಿಗೂ ದತ್ತಕದ ಅನುಮತಿ ನಿರಾಕರಿಸಲ್ಪಟ್ಟಿತು. ಅವರು ಬಂಡೆದ್ದು 1858ರಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿದರು. 1857ರ ಮಹಾಸಂಗ್ರಾಮದ ನಂತರವೇ ಇಂಗ್ಲೆಂಡಿನ ಸರಕಾರ ಕಣ್ತೆರೆದು, 1862ರಲ್ಲಿ ದೇಶೀಯ ಅರಸರಿಗೆ ದತ್ತಕದ ಹಕ್ಕನ್ನು ಮಾನ್ಯ ಮಾಡುವ ಸನದುಗಳನ್ನು ನೀಡಿತು. ಚೆನ್ನಮ್ಮನವರು ಬೇಡಿದ ನ್ಯಾಯ, ಅವರು ತೀರಿಕೊಂಡ ಮೂವತ್ತಮೂರು ವರ್ಷಗಳ ಮೇಲೆ, ಬೇರೆಯವರಿಗೆ ದೊರೆಯಿತು.

ರಾಣಿಯವರ ಚರಿತ್ರೆಯನ್ನು ಬರೆಯುವವರಿಗೆ ಮುಖ್ಯವಾಗಿ ಸಿಗುವ ಆಧಾರಗಳು ಅವರ ವಿರೋಧಿಗಳು ಬರೆದಿಟ್ಟ ವರದಿಗಳು. ದಫ್ತರಗಳಲ್ಲಿ ಅವರು ಒಬ್ಬ ಬಂಡಾಯಗಾರ್ತಿ. ಆದರೆ ಅದೇ ಸೀಮೆಯ ಲಾವಣಿಕಾರರು, ಗೀಗೀ ಮೇಳದವರು, ಓದುಬರಹ ಅರಿಯದ ಹೆಣ್ಣುಮಕ್ಕಳು ಹಾಡಿಕೊಂಡು ಬಂದ ಚೆನ್ನಮ್ಮ ಬೇರೆ: ಮನೆಯನ್ನು ಉಳಿಸಲು ನಿಂತ ತಾಯಿ. ಕಾಗದವನ್ನು ಸುಳ್ಳೆಂದವರಿಗೆ ಈ ಹಾಡುಗಳನ್ನು ಸುಳ್ಳೆನ್ನುವ ಅಧಿಕಾರ ಸಿಗಲಿಲ್ಲ. 1961ರಲ್ಲಿ ಬಿ. ಆರ್. ಪಂತುಲು ಅವರ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಚೆನ್ನಮ್ಮನಾಗಿ ಕಾಣಿಸಿಕೊಂಡ ಮೇಲೆ ಆ ಚಿತ್ರಣವು ಕನ್ನಡಿಗರ ಮನೆಮನೆಯನ್ನು ಮುಟ್ಟಿತು. 2010ರಲ್ಲಿ ಬೆಳಗಾವಿಯಲ್ಲಿ ಅವರ ಹೆಸರಿನ ವಿಶ್ವವಿದ್ಯಾಲಯವೂ ಆರಂಭವಾಯಿತು.

ಈ ಜೀವನಕಥೆಯಿಂದ ನಮ್ಮ ಮನೆಗಳಿಗೂ ಒಂದು ಮಾತು ಅನ್ವಯಿಸುತ್ತದೆ. ಇಂದು ನಾವು ಸ್ವತಂತ್ರ ದೇಶದ ಪ್ರಜೆಗಳು. ನಮ್ಮ ಪತ್ರವನ್ನು ಪರೀಕ್ಷಿಸುವ ನ್ಯಾಯಾಲಯವು ನಮ್ಮ ಆಸ್ತಿಗೆ ಆಸೆಪಡುವ ಕಂಪನಿಯಲ್ಲ. ಕೈಯಿಂದ ಬರೆದ ಮೃತ್ಯುಪತ್ರವೂ ನಡೆಯುತ್ತದೆ. ಬರೆದವರ ರುಜುವಿನೊಂದಿಗೆ ಇಬ್ಬರು ಸಾಕ್ಷಿಗಳ ರುಜು ಇರಬೇಕಾದುದು ಮಾತ್ರ ಅಗತ್ಯ. ನೋಂದಣಿ ಕಡ್ಡಾಯವಲ್ಲದಿದ್ದರೂ ಹಿತಕರ. 1956ರ ಕಾಯಿದೆಯು ಹಿಂದೂ ವಿಧವೆಗೆ ದತ್ತು ಪಡೆಯುವ ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ. 2005ರ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕನ್ನು ಕೊಟ್ಟಿದೆ. ಹೀಗಿದ್ದರೂ ಊರಿನ ಹೊಲದ ವಾಟ್ನಿಯನ್ನೂ ಇಲ್ಲಿನ ಮನೆಯ ವಾರಸೆಯನ್ನೂ ಮುಂದೆ ನೋಡೋಣವೆಂದು ತಳ್ಳುತ್ತ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಹೌಸಿಂಗ್ ಸೊಸೈಟಿಯಲ್ಲಿ ಬರೆದುಕೊಟ್ಟ ನಾಮನಿರ್ದೇಶನವೇ ವಾರಸಾ ಹಕ್ಕೆಂದು ತಿಳಿದು ನಿಶ್ಚಿಂತರಾಗುವುದೂ ಸರಿಯಲ್ಲ, ಅವೆರಡೂ ಒಂದಲ್ಲ. ಕೈ ನಡುಗದಿರುವಾಗ, ಬುದ್ಧಿ ಸ್ವಸ್ಥವಾಗಿರುವಾಗ, ಮನೆಯವರೆಲ್ಲರಿಗೂ ತಿಳಿಯುವಂತೆ ಬರೆದಿಟ್ಟರೆ ಮಕ್ಕಳ ನಡುವಿನ ಪ್ರೀತಿಯೂ ಉಳಿಯುತ್ತದೆ.

ಚೆನ್ನಮ್ಮನವರ ಮನೆತನಕ್ಕೆ ಆ ಅವಕಾಶ ಒದಗಲಿಲ್ಲ. ಒದಗಿದ್ದರೂ ಕಂಪನಿ ಮನ್ನಿಸುತ್ತಿತ್ತೆಂದು ಝಾನ್ಸಿಯನ್ನು ನೋಡಿದವರು ಹೇಳಲಾರರು. ತಮ್ಮ ರಕ್ತದವನಲ್ಲದ ಬಾಲಕನೊಬ್ಬನಿಗೆ ಮನೆಯು ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಅವರು ಮೊದಲು ಬರೆದರು, ಬಳಿಕ ಹೋರಾಡಿದರು, ಕೊನೆಗೆ ಸೆರೆಯಲ್ಲಿ ಕಾದರು. ಪ್ರತಿವರ್ಷ ಅಕ್ಟೋಬರ್ 23ರಿಂದ ಕಿತ್ತೂರಿನಲ್ಲಿ ಉತ್ಸವ ನಡೆಯುತ್ತದೆ. ಊರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಆ ಕೋಟೆಯ ಅವಶೇಷಗಳನ್ನೂ ಬೈಲಹೊಂಗಲದ ಸಮಾಧಿಯನ್ನೂ ನೋಡಿ ಬರಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ. ಆ ಮಹಾತಾಯಿಗೆ ನಮ್ಮ ನಮನಗಳು.